ಹೆಬ್ಬೆರಳಿನ ಜಡ್ಜ್: ಚಿತ್ರವನ್ನು ಎಷ್ಟು ನಂಬಬೇಕು?

ಓದುಗರ ಪ್ರಶ್ನೆ: ಹೆಬ್ಬೆರಳಿಗಿಂತ ದಪ್ಪವಿಲ್ಲದ ಕೋಲಿನಿಂದ ಹೆಂಡತಿಗೆ ಹೊಡೆಯಬಹುದೆಂದು ಇಂಗ್ಲೆಂಡಿನ ನ್ಯಾಯಾಧೀಶ ಬುಲ್ಲರ್ ನಿಜಕ್ಕೂ ತೀರ್ಪು ಕೊಟ್ಟಿದ್ದರೇ? ಅದನ್ನು ಗೇಲಿ ಮಾಡುವ ‘ಜಡ್ಜ್ ಥಂಬ್’ (ಹೆಬ್ಬೆರಳಿನ ಜಡ್ಜ್) ಎಂಬ ವ್ಯಂಗ್ಯಚಿತ್ರದ ಬಣ್ಣದ ಪ್ರತಿಯೊಂದು ‘1782ರದ್ದು’ ಎಂದು ಮಾರಾಟಕ್ಕಿದೆ. ಕೊಳ್ಳಬಹುದೇ?

ಸಂಪಾದಕರ ಉತ್ತರ: ಅಂಥ ತೀರ್ಪು ಯಾವ ಕೋರ್ಟ್ ವರದಿಯಲ್ಲೂ ಸಿಕ್ಕಿಲ್ಲ. ಫ್ರಾನ್ಸಿಸ್ ಬುಲ್ಲರ್ 1778ರಲ್ಲಿ, 32ನೇ ವಯಸ್ಸಿಗೇ ಇಂಗ್ಲೆಂಡಿನ ಉನ್ನತ ನ್ಯಾಯಾಲಯವಾದ ಕಿಂಗ್ಸ್ ಬೆಂಚ್‌ನ ನ್ಯಾಯಾಧೀಶರಾದವರು. ಅವರು ಹೀಗೆಂದರಂತೆ ಎಂಬ ಮಾತು ಲಂಡನ್ನಿನಲ್ಲಿ ಹಬ್ಬಿತು. ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇಗೆ ಅಷ್ಟು ಸಾಕಾಯಿತು. 1782ರ ನವೆಂಬರ್ 27ರ ತಾರೀಕಿನ ‘ಜಡ್ಜ್ ಥಂಬ್’ ಚಿತ್ರದಲ್ಲಿ, ತುದಿಗೆ ಹೆಬ್ಬೆರಳಿನ ಆಕಾರವಿರುವ ಕೋಲುಗಳ ಕಟ್ಟು ಹೊತ್ತ ಬುಲ್ಲರ್ ಬೀದಿ ವ್ಯಾಪಾರಿಯ ಹಾಗೆ ಗಿರಾಕಿಗಳನ್ನು ಕೂಗುತ್ತಾರೆ. ಹಿಂದುಗಡೆ ಹೆಂಡತಿ ‘ಕೊಲೆ, ಕೊಲೆ’ ಎಂದು ಚೀರುತ್ತಿದ್ದರೆ ಗಂಡ ‘ಇದು ಕಾನೂನೇ’ ಎನ್ನುತ್ತ ಕೋಲೆತ್ತಿದ್ದಾನೆ. ಬುಲ್ಲರ್ ಬಗ್ಗೆ ಜನ ಏನು ಆಡಿಕೊಳ್ಳುತ್ತಿದ್ದರು ಎಂಬುದಕ್ಕೆ ಈ ಚಿತ್ರ ಒಳ್ಳೆಯ ಸಾಕ್ಷಿ. ಅವರು ಏನು ಹೇಳಿದರು ಎಂಬುದಕ್ಕಲ್ಲ. ಮ್ಯಾದರ್ ಬ್ರೌನ್ 1792ರ ಸುಮಾರಿಗೆ ಬರೆದ ಬುಲ್ಲರರ ತೈಲಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಮುಖಚಹರೆ ಬೇಕಿದ್ದರೆ ಅದನ್ನು ನೋಡಿ. ಪದವಿಯಲ್ಲಿರುವವರ ಭಾವಚಿತ್ರಕ್ಕೂ ಅದರದೇ ಮುಲಾಜು ಇರುತ್ತದೆ, ಆ ಮಾತು ಬೇರೆ.

ಇನ್ನು ಖರೀದಿ. ಚಿತ್ರದ ಕೆಳಗಿನ ಸಾಲಿನಲ್ಲಿ 1782 ಎಂದಿದ್ದ ಮಾತ್ರಕ್ಕೆ ಪ್ರತಿ ಹಳೆಯದಾಗುವುದಿಲ್ಲ. 1735ರಿಂದ ಜಾರಿಗೆ ಬಂದ ಕಾನೂನಿನಂತೆ ಚಿತ್ರದ ಹಕ್ಕು (ಕಾಪಿರೈಟ್) ಕಾಯ್ದುಕೊಳ್ಳಲು ಪ್ರಕಟಣೆಯ ತಾರೀಕನ್ನು ಅಚ್ಚಿನ ತಾಮ್ರದ ಫಲಕದಲ್ಲೇ ಕೊರೆಯುತ್ತಿದ್ದರು. ಅದೇ ಫಲಕದಿಂದ ಎಷ್ಟು ವರ್ಷದ ನಂತರ ಅಚ್ಚು ತೆಗೆದರೂ ಅದೇ ತಾರೀಕು ಬೀಳುತ್ತದೆ. 19ನೇ ಶತಮಾನದ ನಡುವೆ ಪ್ರಕಾಶಕ ಹೆನ್ರಿ ಬೋನ್ ಗಿಲ್ರೇಯ ಹಳೆಯ ಫಲಕಗಳನ್ನು ಹೀಗೇ ಮತ್ತೆ ಅಚ್ಚು ಹಾಕಿಸಿದ. ಆ ಹಾಳೆಗಳಿಗೆ ಸಾಮಾನ್ಯವಾಗಿ ಎರಡೂ ಬದಿಗೆ ಚಿತ್ರ, ಮೇಲ್ಮೂಲೆಯಲ್ಲಿ ಕ್ರಮಸಂಖ್ಯೆ ಇರುತ್ತದೆ.

10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಗೆರೆ ನೋಡಿ. ಚುಕ್ಕಿಚುಕ್ಕಿಯಾಗಿದ್ದರೆ ಅದು ಫೋಟೊ ಮುದ್ರಣ, ಅಲ್ಲಿಗೇ ಬಿಡಿ. ತಾಮ್ರದಚ್ಚಿನ ಗೆರೆ ಅಖಂಡವಾಗಿದ್ದು ಮಸಿ ತುಸು ಉಬ್ಬಿರುತ್ತದೆ; ಒದ್ದೆ ಕಾಗದವನ್ನು ರೋಲರಿನಡಿ ಒತ್ತುವುದರಿಂದ ಚಿತ್ರದ ಸುತ್ತ ಫಲಕದ ಅಂಚಿನ ತಗ್ಗು ಮೂಡುತ್ತದೆ. ಅಂಚು ಕತ್ತರಿಸಿದ್ದರೆ ಈ ಗುರುತೂ ಹೋಗಿರುತ್ತದೆ, ಬೆಲೆಯೂ ಇಳಿಯುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದಾಗ ನೀರುಗುರುತಿನಲ್ಲಿ (ಕಾಗದ ತಯಾರಿಸುವಾಗಲೇ ಅದರೊಳಗೆ ಮೂಡಿಸಿದ ಗುರುತು) 1794ರ ಅಥವಾ ನಂತರದ ಇಸವಿ ಕಂಡರೆ ಅದು 1782ರ ಅಚ್ಚಲ್ಲ.

ಬಣ್ಣ ಕೈಯಿಂದಲೇ ಬಳಿಯುತ್ತಿದ್ದದ್ದು. ಆದರೆ ಬೆಲೆ ಏರಿಸಲು ಕಪ್ಪುಬಿಳುಪು ಪ್ರತಿಗೆ ಈಚೆಗೆ ಬಳಿಯುವುದೂ ಉಂಟು. ಮಡಿಕೆ ಒಡೆದ ಸೀಳಿನ ಒಳಕ್ಕೆ ಬಣ್ಣ ಇಳಿದಿದ್ದರೆ, ಕಾಗದ ಒಡೆದ ಮೇಲೆ ಬಳಿದದ್ದೆಂದೇ ಅರ್ಥ. ಚೌಕಟ್ಟು ಬಿಚ್ಚಿ ಹಿಂಬದಿಯ ಫೋಟೊ ಕಳಿಸುವಂತೆ ಮಾರುವವರನ್ನು ಕೇಳಿ. ಒಲ್ಲೆನೆಂದರೆ ಕೊಳ್ಳಬೇಡಿ.