ಸೆಪ್ಸಿಸ್ ಆದಾಗ ಬಿಪಿ ಯಾಕೆ ಕುಸಿಯುತ್ತದೆ? ರಕ್ತನಾಳಗಳಿಗೆ ಏನಾಗುತ್ತದೆ?

ಉಡುಪಿಯಲ್ಲಿ ಐಸಿಯುನಲ್ಲಿರುವ ನಿಮ್ಮ ಮಾವನಿಗೆ ಇಲಿಜ್ವರದಿಂದ ಸೆಪ್ಸಿಸ್ ಆಗಿದೆ, ರಕ್ತ ಹೋಗದಿದ್ದರೂ ಬಿಪಿ ಹೇಗೆ ಇಳಿಯಿತು ಎಂದು ಕೇಳಿದ್ದೀರಿ. (ಮಳೆಗಾಲದಲ್ಲಿ ಗದ್ದೆಗೆ ಇಳಿಯುವ ನಮ್ಮ ಕರಾವಳಿಯವರಿಗೆ ಇಲಿಜ್ವರ ಹೊಸತಲ್ಲ, ಅಲ್ವಾ?)

ಸೆಪ್ಸಿಸ್ ಎಂದರೆ ಸೋಂಕಿಗೆ ದೇಹ ಅತಿಯಾಗಿ ಕೆರಳಿ ತನ್ನದೇ ಅಂಗಗಳಿಗೆ ಹಾನಿ ಮಾಡಿಕೊಳ್ಳುವುದು. ಬಿಪಿ ಇಳಿಯಲು ಮುಖ್ಯ ತೊಂದರೆ ಇರುವುದು ರಕ್ತನಾಳದ ಒಳಪದರದಲ್ಲಿ. ಎಂಡೋಥೀಲಿಯಂ ಎಂಬ ಈ ಪದರ ಒಂದೇ ಜೀವಕೋಶದಷ್ಟು ದಪ್ಪ. ದೇಹ ಹೀಗೆ ಕೆರಳಿದಾಗ ಪೆಟ್ಟು ಬೀಳುವುದು ಇದಕ್ಕೇ. ಆಗ ನೈಟ್ರಿಕ್ ಆಕ್ಸೈಡ್ ಜಾಸ್ತಿ ತಯಾರಾಗಿ ನಾಳಗಳು ಸಡಿಲಗೊಂಡು ಹಿಗ್ಗುತ್ತವೆ. ಹಿಗ್ಗಿದ ನಾಳಗಳನ್ನು ತುಂಬಲು ಇದ್ದ ರಕ್ತವೇ ಸಾಲದಂತಾಗಿ ಬಿಪಿ ಇಳಿಯುತ್ತದೆ. ಜೊತೆಗೆ ಕೋಶಗಳ ನಡುವಿನ ಸಂದು ಬಿಟ್ಟುಕೊಂಡು ನೀರಿನಂಶ ಹೊರಗೆ ಸೋರುತ್ತದೆ. ಡ್ರಿಪ್ಸ್ ಹಾಕಿದ ಮೇಲೆ ಮೈಕೈ ಊದಿಕೊಳ್ಳುವುದು ಇದರಿಂದಲೇ. ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದೂ ಉಂಟು. ಹಾಗಾಗಿ ಮಾನಿಟರಿನಲ್ಲಿ ಬಿಪಿ ಸರಿ ಕಂಡರೂ ಕಿಡ್ನಿಗೆ ಆಕ್ಸಿಜನ್ ಸಾಕಷ್ಟು ಸಿಗದೇ ಇರಬಹುದು. ಡಾಕ್ಟರು ಪದೇ ಪದೇ ಮೂತ್ರದ ಪ್ರಮಾಣ, ಲ್ಯಾಕ್ಟೇಟ್ (ಅಂಗಾಂಗಗಳಿಗೆ ಆಕ್ಸಿಜನ್ ಸಾಲದಾದಾಗ ರಕ್ತದಲ್ಲಿ ಏರುವ ಅಂಶ) ನೋಡುವುದು ಸುಮ್ನೆ ಅಲ್ಲ.

ನಾರ್‌ಅಡ್ರಿನಲಿನ್ ಮದ್ದು ನಾಳಗಳನ್ನು ಬಿಗಿ ಮಾಡುತ್ತದೆ. ರಕ್ತದ ಸರಾಸರಿ ಒತ್ತಡವನ್ನು (ಮೇಲಿನ, ಕೆಳಗಿನ ಬಿಪಿಯಿಂದ ಲೆಕ್ಕ ಹಾಕುವ MAP) 65 mmHgಗೆ ಮುಟ್ಟಿಸುವುದು ಸಾಮಾನ್ಯವಾಗಿ ಮೊದಲ ಗುರಿ. ಆದರೆ ಈ ಮದ್ದು ಬಿಪಿಗೆ ಆಸರೆ ಅಷ್ಟೇ. ಸೋಂಕನ್ನು ಹತ್ತಿಕ್ಕಲು ಆಂಟಿಬಯೋಟಿಕ್ ಬೇಕೇ ಬೇಕು, ಅದೂ ತಡವಾಗದೆ.