ಹುಟ್ಟಿಸಿದ ಮೇಲೆ ಹೊಣೆ ಯಾರದು?

ಪ್ರಶ್ನೆ: ನಾವು ಸಾಕದೇ ಹೋಗಿದ್ದರೆ ಈ ಕೋಳಿ, ಕುರಿ, ದನಗಳು ಹುಟ್ಟುತ್ತಲೇ ಇರಲಿಲ್ಲ. ಮೇವು, ನೀರು ಕೊಟ್ಟು ಕಾಪಾಡುವವರೂ ನಾವೇ. ಅಂದ ಮೇಲೆ ಅವುಗಳಿಂದ ಬೇಕಾದ್ದನ್ನು ಪಡೆದುಕೊಂಡರೆ ತಪ್ಪೇನು?

ಉತ್ತರ: ಪಡೆದುಕೊಳ್ಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಲೆಕ್ಕ ತಲೆಕೆಳಗಾಗಿದೆ. ಹುಟ್ಟಿಸಿದ್ದು ಸಾಲ ಅನ್ನುವುದಾದರೆ ಅದು ನಮ್ಮ ತಲೆಯ ಮೇಲಿರುವ ಸಾಲ. ನನ್ನನ್ನು ಹುಟ್ಟಿಸಿ ಅಂತ ಯಾವ ಕರುವೂ ಬಂದು ಕೇಳಿರಲಿಲ್ಲ, ಅಲ್ವಾ?

ಕೋಳಿಯನ್ನೇ ನೋಡಿ. ಅದರ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಇಡುವುದು 10-15 ಮೊಟ್ಟೆ. ಮೊಟ್ಟೆಗೆಂದೇ ತಳಿ ಮಾಡಿದ ಇವತ್ತಿನ ಕೋಳಿ ಸುಮಾರು 300 ಇಡುತ್ತದೆ. ಅಷ್ಟು ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ತಿಂದದ್ದರಲ್ಲಿ ಸಾಲದಿದ್ದಾಗ ಅದರ ಮೂಳೆಯಿಂದಲೇ ಹೋಗುತ್ತದೆ, ಮೂಳೆ ಸವೆದು ಮುರಿಯುತ್ತದೆ. ಮಾಂಸದ ಕೋಳಿ ಆರೇ ವಾರದಲ್ಲಿ ಎಷ್ಟು ಬೆಳೆಯುತ್ತದೆ ಅಂದರೆ, ಎಷ್ಟೋ ಕೋಳಿಗಳಿಗೆ ತಮ್ಮ ಮೈಭಾರ ಹೊತ್ತು ನೆಟ್ಟಗೆ ನಡೆಯಲಾಗುವುದಿಲ್ಲ. ಕಾಡುಕುರಿಯ ಕೂದಲು ತಾನಾಗಿ ಉದುರುತ್ತದೆ. ಉಣ್ಣೆಗಾಗಿ ಬೆಳೆಸಿದ ಕುರಿಗೆ ನಾವೇ ಕತ್ತರಿಸಬೇಕು. ಇದೆಲ್ಲ ನಾವು ಆರಿಸಿ ಆರಿಸಿ ಮಾಡಿದ ಕೆಲಸ. ನಮ್ಮನ್ನು ಬಿಟ್ಟು ಬದುಕಲಾಗದ ಹಾಗೆ ಮಾಡಿಟ್ಟು, ಆಮೇಲೆ ಸಾಕುತ್ತಿದ್ದೇವಲ್ಲ ಅಂತ ಉಪಕಾರ ಎಣಿಸುವುದು ನನಗೆ ಸರಿ ಕಾಣುವುದಿಲ್ಲ.

ಮೇವು, ನೀರು ಕೊಟ್ಟರೆ ಸಾಕೇ? ಏಳಲು, ಮಲಗಲು, ತಿರುಗಲು, ಮೈ ಸವರಿಕೊಳ್ಳಲು, ಕೈಕಾಲು ಚಾಚಲು ಪ್ರಾಣಿಗೆ ಜಾಗ ಇರಬೇಕು ಅಂತ, ಸಾಕುಪ್ರಾಣಿಗಳ ಸ್ಥಿತಿಗತಿ ನೋಡಲು ಬ್ರಿಟನ್ ಸರ್ಕಾರ ನೇಮಿಸಿದ್ದ ಬ್ರ್ಯಾಂಬೆಲ್ ಸಮಿತಿ 1965ರಲ್ಲೇ ಹೇಳಿತ್ತು. ಎಷ್ಟು ಸಣ್ಣ ಬೇಡಿಕೆ ನೋಡಿ. ರೆಕ್ಕೆ ಬಿಚ್ಚಲೂ ಆಗದ ಬರೀ ತಂತಿಯ ಪಂಜರಗಳ ಮೇಲೆ ಯುರೋಪಿಯನ್ ಒಕ್ಕೂಟದ ನಿಷೇಧ ಪೂರ್ತಿ ಜಾರಿಗೆ ಬರುವ ಹೊತ್ತಿಗೆ 2012 ಬಂದಿತ್ತು. ಜಗತ್ತಿನ ಎಷ್ಟೋ ಕಡೆ ಅವು ಇನ್ನೂ ಇವೆ.

ಪ್ರಶ್ನೆ: ಮಾಂಸದ ಮಾತು ಬಿಡಿ. ಹಾಲು ಕರೆಯುವುದರಲ್ಲಿ ಹಿಂಸೆ ಎಲ್ಲಿದೆ?

ಉತ್ತರ: ಕರೆಯುವ ಕೈಯನ್ನು ಬಿಟ್ಟು ಸ್ವಲ್ಪ ಆಚೆ ನೋಡಿ. ಹಸು ಕರು ಹಾಕದೆ ಹಾಲಿಲ್ಲ, ಮತ್ತು ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಹಾಲಿನ ವ್ಯಾಪಾರಕ್ಕೆ ಅವು ಬೇಡ. ಹಸು 20 ವರ್ಷ ಬದುಕಬಲ್ಲದು, ಆದರೆ ದೊಡ್ಡ ಡೈರಿಗಳಲ್ಲಿ ಐದಾರು ವರ್ಷಕ್ಕೇ ಹಾಲು ಕಡಿಮೆಯಾಯಿತು, ಗಬ್ಬ ನಿಲ್ಲಲಿಲ್ಲ ಅಂತೆಲ್ಲ ಅದನ್ನು ಸಾಗಹಾಕುತ್ತಾರೆ. ಹಾಗಂತ ಸಾಕುವವರನ್ನು ಸುಮ್ನೆ ಬೈದರೆ ಆಗುವುದಿಲ್ಲ. ಗಂಡು ಕರುವಿನ, ಬತ್ತಿದ ಹಸುವಿನ ಮೇವಿನ ಖರ್ಚು ಹಾಲಿನ ಬೆಲೆಯಲ್ಲಿ ಸೇರಿಲ್ಲ. ಸೇರಿಸಿದರೆ ಹಾಲು ಜಾಸ್ತಿ ದುಬಾರಿಯಾಗುತ್ತದೆ, ಆ ಹಣ ಕೊಡಬೇಕಾದವರು ಕುಡಿಯುವ ನಾವು. ಕೊಡಲು ಮನಸ್ಸಿದೆಯಾ ಅಂತ ನಿಮ್ಮನ್ನೂ ಕೇಳುತ್ತೇನೆ, ನನ್ನನ್ನೂ ಕೇಳಿಕೊಳ್ಳುತ್ತೇನೆ.