ನಕ್ಷೆ ಎಳೆಯುವ ಮೊದಲು ಅಪವರ್ತಿಸಿ

ಪ್ರಶ್ನೆ: ಮಾನ್ಯರೇ, ನಾನು ಪ್ರಥಮ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದೇನೆ. ವೈ = (ಎಕ್ಸ್² − 4) / (ಎಕ್ಸ್² − ಎಕ್ಸ್ − 2) ಎಂಬ ಫಲನದ ನಕ್ಷೆ ಬರೆಯಲು ಎಕ್ಸ್‌ಗೆ −3ರಿಂದ 3ರವರೆಗಿನ ಪೂರ್ಣಾಂಕಗಳನ್ನು ಆದೇಶಿಸಿ ಕೋಷ್ಟಕ ಮಾಡಿದೆ. −1 ಮತ್ತು 2ರಲ್ಲಿ ಛೇದ ಸೊನ್ನೆಯಾಗುವುದರಿಂದ ಅವೆರಡನ್ನು ಬಿಟ್ಟು, ಉಳಿದ ಬಿಂದುಗಳನ್ನು ಸೇರಿಸಿದಾಗ ಎಲ್ಲಿಯೂ ಕಡಿಯದ ಒಂದೇ ಗೆರೆ ಬಂತು. ಮೊಬೈಲ್‌ನ ಆ್ಯಪ್‌ನಲ್ಲಿ ನೋಡಿದರೆ −1ರಲ್ಲಿ ನಕ್ಷೆ ಎರಡು ತುಂಡಾಗಿದೆ, 2ರಲ್ಲಿ ಮಾತ್ರ ಏನೂ ಆಗಿಲ್ಲ. ಎರಡು ಕಡೆಯೂ ಛೇದ ಸೊನ್ನೆಯೇ ಆಗಿರುವಾಗ ಈ ವ್ಯತ್ಯಾಸ ಏಕೆ?
– ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಕೋಷ್ಟಕದಲ್ಲಿ ಉಳಿದ ಐದು ಬಿಂದುಗಳಿಂದ ತೊಂದರೆಯಾಗಿಲ್ಲ, ತೊಂದರೆಯಿರುವುದು ಅವುಗಳ ನಡುವೆ ಎಳೆದ ಗೆರೆಯಲ್ಲಿ. (−2, 0) ಮತ್ತು (0, 2) ಬಿಂದುಗಳನ್ನು ನೇರವಾಗಿ ಸೇರಿಸಿದರೆ ಆ ಗೆರೆ (−1, 1)ರ ಮೂಲಕ ಹಾದುಹೋಗುತ್ತದೆ. ಆದರೆ −1ರ ಆಸುಪಾಸಿನಲ್ಲಿ ಈ ಫಲನದ ಬೆಲೆ 1ರ ಹತ್ತಿರಕ್ಕೂ ಸುಳಿಯುವುದಿಲ್ಲ. ಎಕ್ಸ್‌ಗೆ −1.1 ಕೊಟ್ಟು ನೋಡಿ, ವೈ −9 ಆಗುತ್ತದೆ, −1.01 ಕೊಟ್ಟರೆ −99. ಅತ್ತ ಕಡೆಯಿಂದ −0.99 ಕೊಟ್ಟರೆ 101. ಎರಡು ಪೂರ್ಣಾಂಕಗಳ ನಡುವೆ ಇಷ್ಟೆಲ್ಲ ನಡೆದಿರುವುದು ಕೋಷ್ಟಕದಿಂದ ತಿಳಿಯುವ ಬಗೆಯೇ ಇಲ್ಲ.

ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು ಅಂಶವನ್ನೂ ಛೇದವನ್ನೂ ಅಪವರ್ತಿಸಬೇಕು. ಇಲ್ಲಿ ಅಂಶ (ಎಕ್ಸ್ − 2)(ಎಕ್ಸ್ + 2), ಛೇದ (ಎಕ್ಸ್ − 2)(ಎಕ್ಸ್ + 1). ಎರಡರಲ್ಲಿಯೂ ಇರುವ (ಎಕ್ಸ್ − 2) ಹೊಡೆದುಹೋಗಿ (ಎಕ್ಸ್ + 2)/(ಎಕ್ಸ್ + 1) ಉಳಿಯುತ್ತದೆ; ಹಾಗೆ ಹೊಡೆದುಹಾಕುವಾಗ ‘ಎಕ್ಸ್ 2 ಆಗಿರಬಾರದು’ ಎಂಬ ನಿಬಂಧನೆಯನ್ನು ಪಕ್ಕದಲ್ಲಿಯೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮೂಲ ಫಲನಕ್ಕೆ ಅಲ್ಲಿ ಬೆಲೆಯೇ ಇಲ್ಲ. ಉಳಿದ ರೂಪದಲ್ಲಿ 2ನ್ನು ಆದೇಶಿಸಿದರೆ 4/3 ಬರುತ್ತದೆ. ಅಂದರೆ ವಕ್ರರೇಖೆ ಎರಡು ಕಡೆಯಿಂದಲೂ (2, 4/3) ಎಂಬ ಬಿಂದುವಿನತ್ತ ಬರುತ್ತದೆ, ಆದರೆ ಆ ಬಿಂದುವೊಂದು ಮಾತ್ರ ಅದರಲ್ಲಿ ಇಲ್ಲ. ನಕ್ಷೆಯಲ್ಲಿ ಅದನ್ನು ತುಂಬದ ಸಣ್ಣ ವೃತ್ತದಿಂದ ಗುರುತಿಸುವುದು ರೂಢಿ. ಒಂದು ಬಿಂದುವಿಗೆ ಅಗಲವಿಲ್ಲ. ಆ್ಯಪ್ ಕೂಡ ನಿಮ್ಮ ಹಾಗೆಯೇ ಆಯ್ದ ಕೆಲವು ಬೆಲೆಗಳನ್ನು ಲೆಕ್ಕಹಾಕಿ ಸೇರಿಸುವುದರಿಂದ ಆ ಕಿಂಡಿ ಪರದೆಯ ಮೇಲೆ ಕಾಣಲಿಲ್ಲ. −1ರ ವಿಷಯ ಬೇರೆ. ಅಲ್ಲಿ ಛೇದವನ್ನು ಸೊನ್ನೆ ಮಾಡುವ ಅಪವರ್ತನಕ್ಕೆ ಅಂಶದಲ್ಲಿ ಜೊತೆಯಿಲ್ಲ, ಆದ್ದರಿಂದ ಬೆಲೆಗಳು ಮಿತಿಯಿಲ್ಲದೆ ಬೆಳೆಯುತ್ತವೆ, ಎಕ್ಸ್ = −1 ಎಂಬ ಲಂಬರೇಖೆ ಅಸಿಂಪ್ಟೋಟ್ (ವಕ್ರರೇಖೆ ಹತ್ತಿರ ಹತ್ತಿರ ಸರಿಯುತ್ತಲೇ ಹೋಗುವ ಗೆರೆ) ಆಗುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ (ಎಕ್ಸ್ + 2)/(ಎಕ್ಸ್ + 1) ಎಂಬುದನ್ನು 1 + 1/(ಎಕ್ಸ್ + 1) ಎಂದು ಬರೆದುಕೊಳ್ಳಿ. ಇದು ನಿಮ್ಮ ಪಠ್ಯಪುಸ್ತಕದಲ್ಲಿಯೇ ಇರುವ 1/ಎಕ್ಸ್‌ನ ನಕ್ಷೆ. ಒಂದು ಮಾನ ಎಡಕ್ಕೆ, ಒಂದು ಮಾನ ಮೇಲಕ್ಕೆ ಸರಿದಿದೆ, ಅಷ್ಟೆ. ಇಷ್ಟು ತಿಳಿದ ಮೇಲೆ ಕೋಷ್ಟಕದ ಅಗತ್ಯವೇ ಬೀಳುವುದಿಲ್ಲ.

ಅಪವರ್ತನಗಳು ಹೀಗೆ ಮಾತಾಡುವುದನ್ನು ಮೊದಲು ಬಹುಪದೋಕ್ತಿಗಳಲ್ಲಿಯೇ ಗಮನಿಸಿದರೆ ಒಳ್ಳೆಯದು. ವೈ = (ಎಕ್ಸ್ − 1)²(ಎಕ್ಸ್ + 2) ತೆಗೆದುಕೊಳ್ಳಿ. ಇದರ ಶೂನ್ಯತೆಗಳು 1 ಮತ್ತು −2. ಹತ್ತನೆಯ ತರಗತಿಯಲ್ಲಿ ನಾವು ಶೂನ್ಯತೆಗಳನ್ನು ಎಣಿಸಿ ಸುಮ್ಮನಾಗುತ್ತೇವೆ, ಆದರೆ ಅಲ್ಲಿ ರೇಖೆ ಹೇಗೆ ವರ್ತಿಸುತ್ತದೆ ಎಂಬುದೇ ಹೆಚ್ಚು ಸ್ವಾರಸ್ಯದ ಸಂಗತಿ. ಎಕ್ಸ್ 1ರ ತೀರ ಹತ್ತಿರವಿರುವಾಗ (ಎಕ್ಸ್ + 2) ಸುಮಾರು 3 ಆಗಿರುತ್ತದೆ, ಆದ್ದರಿಂದ ರೇಖೆ ಅಲ್ಲಿ 3(ಎಕ್ಸ್ − 1)² ಎಂಬ ಪರವಲಯದಂತೆ ಕಾಣುತ್ತದೆ: 0.9ರಲ್ಲಿ ಬೆಲೆ 0.029, 1.1ರಲ್ಲಿ 0.031, ಎರಡೂ ಧನ. ರೇಖೆ ಅಕ್ಷವನ್ನು ಮುಟ್ಟಿ ಬಂದ ಕಡೆಗೇ ಹಿಂದಿರುಗುತ್ತದೆ. −2ರ ಬಳಿ (ಎಕ್ಸ್ − 1)² ಸುಮಾರು 9 ಆಗಿರುವುದರಿಂದ ರೇಖೆ 9(ಎಕ್ಸ್ + 2) ಎಂಬ ಕಡಿದಾದ ಸರಳರೇಖೆಯಂತೆ ಅಕ್ಷವನ್ನು ದಾಟಿಹೋಗುತ್ತದೆ. ಘಾತ ಸಮವಾದರೆ ಮುಟ್ಟಿ ಮರಳುವುದು, ಬೆಸವಾದರೆ ದಾಟುವುದು. ಇದೇ ನಿಯಮ ಛೇದಕ್ಕೂ ಸಲ್ಲುತ್ತದೆ: ನಿಮ್ಮ ಫಲನದಲ್ಲಿ (ಎಕ್ಸ್ + 1)ರ ಘಾತ 1, ಅದಕ್ಕೇ ಒಂದು ಕಡೆ ರೇಖೆ ಕೆಳಗಿಳಿದು ಇನ್ನೊಂದು ಕಡೆ ಮೇಲೇರಿತು, ಘಾತ 2 ಆಗಿದ್ದರೆ ಎರಡು ಕಡೆಯೂ ಒಂದೇ ದಿಕ್ಕಿಗೆ ಹೋಗುತ್ತಿತ್ತು.

ಬಿಂದುಗಳನ್ನು ಹೆಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಅನ್ನಿಸುವುದು ಸಹಜ. ಅದು ಸದಾ ನಿಜವಲ್ಲ ಎಂಬುದನ್ನು ಜರ್ಮನಿಯ ಗಣಿತಜ್ಞ ಕಾರ್ಲ್ ರುಂಗೆ 1901ರಲ್ಲಿ ತೋರಿಸಿಕೊಟ್ಟರು. 1/(1 + ಎಕ್ಸ್²) ಎಲ್ಲಿಯೂ ಕಡಿಯದ, ನೋಡಲು ಸೌಮ್ಯವಾದ ಫಲನ. −5ರಿಂದ 5ರವರೆಗೆ ಸಮಾನ ಅಂತರದಲ್ಲಿ ಅದರ ಮೇಲೆ ಬಿಂದುಗಳನ್ನು ಆಯ್ದು, ಅವೆಲ್ಲವುಗಳ ಮೂಲಕ ಹಾದುಹೋಗುವ ಬಹುಪದೋಕ್ತಿಯೊಂದನ್ನು ರಚಿಸಿದರೆ, ಬಿಂದುಗಳನ್ನು ಹೆಚ್ಚಿಸುತ್ತ ಹೋದಂತೆಲ್ಲ ಎರಡು ಅಂಚುಗಳ ಬಳಿ ಅದು ಮೂಲ ಫಲನದಿಂದ ಇನ್ನಷ್ಟು ದೂರಕ್ಕೆ ಹೊಯ್ದಾಡುತ್ತದೆ.

ಪ್ರಶ್ನೆ: ವಕ್ರರೇಖೆ ಹತ್ತಿರ ಹತ್ತಿರ ಬಂದರೂ ಎಂದಿಗೂ ಮುಟ್ಟದ ಗೆರೆಯೇ ಅಸಿಂಪ್ಟೋಟ್ ಎಂದು ನಾನು ಕಲಿತಿದ್ದೆ. ಮಗಳಿಗೆ ಹೇಳಿಕೊಡುವಾಗ ವೈ = ಎಕ್ಸ್/(ಎಕ್ಸ್² + 1) ಎಂಬ ಫಲನ ಬಂತು. ಇದರ ಅಸಿಂಪ್ಟೋಟ್ ಎಕ್ಸ್ ಅಕ್ಷವಂತೆ, ಆದರೆ ರೇಖೆ ಮೂಲಬಿಂದುವಿನಲ್ಲಿಯೇ ಅದನ್ನು ದಾಟುತ್ತದೆ. ಯಾವುದು ಸರಿ?
– ಪೋಷಕರು, ಧಾರವಾಡ

ಉತ್ತರ: ನೀವು ಕಲಿತ ಮಾತು ಲಂಬವಾದ ಅಸಿಂಪ್ಟೋಟ್‌ಗೆ ಪೂರ್ತಿ ಸರಿ, ಏಕೆಂದರೆ ಛೇದ ಸೊನ್ನೆಯಾಗುವಲ್ಲಿ ಬಿಂದುವೇ ಇಲ್ಲದಿರುವಾಗ ದಾಟುವ ಪ್ರಶ್ನೆ ಏಳುವುದಿಲ್ಲ. ಅಡ್ಡ ಅಸಿಂಪ್ಟೋಟ್ ಹೇಳುವುದು ಎಕ್ಸ್ ಬಹಳ ದೊಡ್ಡದಾದಾಗಿನ ಸ್ಥಿತಿಯನ್ನು ಮಾತ್ರ. ಇಲ್ಲಿ ಅಂಶದ ಘಾತ ಛೇದದ ಘಾತಕ್ಕಿಂತ ಕಡಿಮೆಯಿದೆ. ಎಕ್ಸ್ 10 ಆದಾಗ ಬೆಲೆ 10/101, 100 ಆದಾಗ 100/10001, ಹೀಗೆ ಸೊನ್ನೆಯತ್ತ ಇಳಿಯುತ್ತ ಹೋಗುತ್ತದೆ. ನಡುವಿನಲ್ಲಿ ರೇಖೆ ಆ ಗೆರೆಯನ್ನು ದಾಟಲು ಯಾವ ಅಡ್ಡಿಯೂ ಇಲ್ಲ. ದಾಟುತ್ತದೆಯೋ ಇಲ್ಲವೋ ಎಂದು ತಿಳಿಯಲು ಫಲನವನ್ನು ಆ ಗೆರೆಯ ಬೆಲೆಗೆ ಸಮೀಕರಿಸಿ ಬಿಡಿಸಿ. ಇಲ್ಲಿ ಎಕ್ಸ್ = 0 ಎಂಬ ಒಂದೇ ಉತ್ತರ ಬರುತ್ತದೆ.

ಇದೇ ನಕ್ಷೆಯ ತುದಿ ಎಷ್ಟು ಎತ್ತರ ಎಂಬುದನ್ನು ಮಗಳಿಗೆ ಕಲನಶಾಸ್ತ್ರವಿಲ್ಲದೆಯೇ ತೋರಿಸಬಹುದು. (ಎಕ್ಸ್ − 1)² ಎಂದಿಗೂ ಋಣವಾಗದು; ಅದನ್ನು ವಿಸ್ತರಿಸಿದರೆ ಎಕ್ಸ್² + 1 ಎಂಬುದು 2ಎಕ್ಸ್‌ಗಿಂತ ಕಡಿಮೆಯಾಗಲಾರದು ಎಂದಾಯಿತು, ಆದ್ದರಿಂದ ಎಕ್ಸ್/(ಎಕ್ಸ್² + 1) ಅರ್ಧವನ್ನು ಮೀರಲಾರದು. ಎಕ್ಸ್ = 1 ಆದಾಗ ಅದು ಸರಿಯಾಗಿ ಅರ್ಧವಾಗುತ್ತದೆ. ಎಕ್ಸ್‌ನ ಚಿಹ್ನೆ ಬದಲಾದರೆ ವೈಯ ಚಿಹ್ನೆಯೂ ಬದಲಾಗುವುದರಿಂದ −1ರಲ್ಲಿ ಕನಿಷ್ಠ ಬೆಲೆ −1/2.